ಬೋಳಾದ ಬಳ್ಳಿಯನ್ನು ಬಿಸಾಡಬೇಡಿ

ಕುಂಡದಲ್ಲಿರುವ ಜಾಜಿ ಬಳ್ಳಿ ಈ ಚಳಿಗೆ ಬದುಕುತ್ತಾ, ದಿನಾ ನೀರು ಹಾಕಬೇಕಾ, ಒಳಗಿಟ್ಟರೆ ಹೂ ಬಿಡುತ್ತಾ ಅಂತ ಕೇಳಿದ್ದೀರಿ. ಊರು ಬಿಟ್ಟು ಈ ಚಳಿ ದೇಶಕ್ಕೆ ನೀವು ಬಂದು ಮೂರೇ ತಿಂಗಳು ಅಂತಲೂ ಬರೆದಿದ್ದೀರಿ. ಬದುಕುತ್ತದೆ. ದಿನಾ ನೀರು ಬೇಡ. ಹೂವನ್ನು ಸದ್ಯಕ್ಕೆ ಮರೆತುಬಿಡಿ.

ಹೊರಗೆ ಮಂಜು ಹೆಪ್ಪುಗಟ್ಟುವ ತನಕ ಕಾಯಬೇಡಿ. ರಾತ್ರಿ 10 ಡಿಗ್ರಿಗೆ ಇಳಿಯತೊಡಗಿದಾಗಲೇ ಒಳಗೆ ತನ್ನಿ. ಹೀಟರ್ ಶುರುವಾಗುವ ಮುಂಚೆಯೇ ತಂದರೆ ಇನ್ನೂ ಒಳ್ಳೆಯದು, ಒಳಗಿನ ಗಾಳಿಗೆ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ತರುವಾಗ ಎಲೆಗಳ ಅಡಿ ನೋಡಿ. ಹಿಟ್ಟು ತಿಗಣೆ, ನುಸಿ ಇದ್ದರೆ ಸೋಪು ನೀರಲ್ಲಿ ಒರೆಸಿ. ಉದ್ದ ಹೋದ ಕುಡಿಗಳನ್ನು ಮೂರನೇ ಒಂದು ಭಾಗ ಕತ್ತರಿಸಿದರೂ ನಷ್ಟವಿಲ್ಲ, ಜಾಜಿ ಹೂ ಬಿಡುವುದು ಹೊಸ ಚಿಗುರಿನಲ್ಲೇ ಅಲ್ವಾ.

ಮನೆಯಲ್ಲಿ ಹೆಚ್ಚು ಬೆಳಕಿರುವ ಕಿಟಕಿ ಅದಕ್ಕೇ ಬಿಟ್ಟುಕೊಡಿ. ಎಲೆ ಗಾಜಿಗೆ ತಾಗದಿರಲಿ, ಕೆಳಗೆ ಹೀಟರ್ ಇರದಿರಲಿ. ನಮಗೆ ಬೇಕಾದಷ್ಟು ಬಿಸಿ ಅದಕ್ಕೆ ಬೇಡ, 10ರಿಂದ 15 ಡಿಗ್ರಿ ಇರುವ ಕೋಣೆ ಸಾಕು. ಬಿಸಿ ಜಾಸ್ತಿ, ಬೆಳಕು ಕಮ್ಮಿ ಆದರೆ ಕುಡಿ ಬಿಳಿಚಿಕೊಂಡು ಸಣಕಲಾಗುತ್ತದೆ. ಗೊಬ್ಬರ ಪೂರ್ತಿ ನಿಲ್ಲಿಸಿ.

ಇನ್ನು ನೀರು. ಇದರಲ್ಲೇ ನಾನು ಕೆಟ್ಟೆ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ, ಒಳಗೆ ತಂದ ಹದಿನೈದು ದಿನಕ್ಕೆ ನನ್ನ ಬಳ್ಳಿಯ ಎಲೆಗಳು ಹಳದಿಯಾಗಿ ಉದುರತೊಡಗಿದವು. ಬಾಯಾರಿದೆ ಅಂದುಕೊಂಡು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹಾಕಿದೆ. ಬೆಳಕು ಕಮ್ಮಿಯಾದಾಗ ಬಳ್ಳಿ ತಾನೇ ಎಲೆ ಉದುರಿಸಿಕೊಂಡು ಮಲಗುತ್ತದೆ, ಆಗ ನೀರು ಕುಡಿಯುವುದೇ ಅಪರೂಪ ಅಂತ ಹೇಳುವವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ. ಗಿಡ ಸಾಕುವುದು ನನಗೆ ಗೊತ್ತಿಲ್ವಾ ಅನ್ನೋ ಜಂಬ. ಜನವರಿ ಹೊತ್ತಿಗೆ ಬರೀ ಕಡ್ಡಿ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಅದನ್ನು ಕಿತ್ತು, ಕಸದ ಚೀಲದಲ್ಲಿ ಹಿಡಿಸಲಿ ಅಂತ ಬುಡದ ಹತ್ತಿರ ಲಟಕ್ಕನೆ ಮುರಿದೆ. ಮುರಿದ ಜಾಗ ಹಸಿರಾಗಿತ್ತು. ನೋಡಿದೆ. ನೋಡಿಯೂ ಚೀಲದ ಬಾಯಿ ಕಟ್ಟಿ ಹೊರಗಿಟ್ಟೆ. ಸಂಜೆ ಬಂದಾಗ ಚೀಲ ಮರಗಟ್ಟಿತ್ತು. ಆಮೇಲೆ ಎಷ್ಟೋ ಬಳ್ಳಿ ಸಾಕಿದ್ದೇನೆ, ಚೆನ್ನಾಗಿಯೇ ಸಾಕಿದ್ದೇನೆ, ಆ ಹಸಿರು ಮಾತ್ರ ಮರೆತಿಲ್ಲ.

ಆದ್ದರಿಂದ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಅಲ್ಲೂ ಒಣಗಿದ್ದರೆ ಮಾತ್ರ ನೀರು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಎಲೆ ಪೂರ್ತಿ ಉದುರಿದರೂ ಗಾಬರಿ ಬೇಡ. ಕಾಂಡವನ್ನು ಉಗುರಲ್ಲಿ ಸ್ವಲ್ಪ ಗೀರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣವಾಗಿ ಒಣಗಿದ್ದರೆ ಇನ್ನಷ್ಟು ಕೆಳಗೆ ಗೀರಿ ನೋಡಿ. ಬುಡದ ತನಕ ಹೋಗದೆ ತೀರ್ಮಾನ ಮಾಡಬೇಡಿ. ಕೆಲವೊಮ್ಮೆ ಹಗಲು ಚೆನ್ನಾಗಿ ಉದ್ದವಾದ ಮೇಲೆಯೇ ಬುಡದಿಂದ ಚಿಗುರುತ್ತದೆ. ಹೀಟರ್ ಗಾಳಿಗೆ ಕೆಂಪು ನುಸಿ ಬರುತ್ತದೆ, ಎಲೆಗಳ ನಡುವೆ ಸಣ್ಣ ಬಲೆ ಕಂಡರೆ ಬಚ್ಚಲಿಗೆ ಒಯ್ದು ಎಲೆಯ ಅಡಿಗೆ ನೀರು ಹಾಯಿಸಿ ತೊಳೆಯಿರಿ.

ವಸಂತದಲ್ಲಿ ಒಂದು ದಿನ ಬಿಸಿಲು ಬಿತ್ತು ಅಂತ ಹೊರಗೆ ಓಡಿಸಬೇಡಿ. ಇಲ್ಲಿನ ಬಿಸಿಲು ನಂಬಿ ನಾವು ಸ್ವೆಟರ್ ಬಿಚ್ಚಿ ನೆಗಡಿ ತಂದುಕೊಳ್ಳುತ್ತೇವಲ್ಲ, ಹಾಗೇ. ಮಂಜು ಹೆಪ್ಪುಗಟ್ಟುವ ರಾತ್ರಿಗಳು ಮುಗಿಯಲಿ. ಮೊದಲು ನೆರಳಲ್ಲಿ ಒಂದೆರಡು ಗಂಟೆ, ಹೀಗೆ ಹತ್ತು ದಿನ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಹೊಸ ಎಲೆ ಸುಟ್ಟುಹೋಗುತ್ತದೆ.

ಊರಿಂದ ಒಂದು ಕಡ್ಡಿ ತರಿಸಿಕೊಳ್ಳಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಆಸೆ ಅರ್ಥವಾಗುತ್ತದೆ. ಆದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಚೀಲದಲ್ಲಿಟ್ಟು ತರಲು ಹೋಗಬೇಡಿ. ಅದರ ಬದಲು ಈಗಿರುವ ಬಳ್ಳಿಯಿಂದಲೇ ಗೇಣುದ್ದದ ಎರಡು ಕಡ್ಡಿ ಕತ್ತರಿಸಿ, ಬೇರೆ ಕುಂಡದಲ್ಲಿ ನೆಟ್ಟು, ಬೇರೆ ಕೋಣೆಯಲ್ಲಿಡಿ.