ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ಏಳನೇ ಕ್ಲಾಸಿನ ಗಲಾಟೆ ನಿಭಾಯಿಸೋದು ಹೇಗೆ?

"ಮುಂದಿನ ತಿಂಗಳು ಇಂಟರ್ನ್‌ಶಿಪ್ ಶುರು, ಆರು-ಏಳನೇ ಕ್ಲಾಸಿನ ಮಕ್ಕಳು ತಲೆ ಮೇಲೆ ಕೂರ್ತಾರಂತೆ, ಏನು ಮಾಡಲಿ" ಅಂತ ಕೇಳಿದ್ದೀರಿ. ಕೂರ್ತಾರೆ, ಸುಳ್ಳಲ್ಲ. ನಾನು ಎರಡನೇ ವರ್ಷದ 16 ವಾರ ಮುಗಿಸಿದ್ದು ಮಡಿಕೇರಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಏಳನೇ ತರಗತಿ, 34 ಮಕ್ಕಳು, ಗಣಿತ.

ನನ್ನೂರು ಕುಶಾಲನಗರ. ಮಳೆ ಅಂದ್ರೆ ಏನು ಅಂತ ಗೊತ್ತು ಅಂದ್ಕೊಂಡಿದ್ದೆ. ಬಸ್ಸು ಸುಂಟಿಕೊಪ್ಪ ದಾಟಿದ ಮೇಲೆ ಸುರಿಯೋದು ಬೇರೆಯದೇ ಮಳೆ. ಜುಲೈನಲ್ಲಿ ಶೀಟಿನ ಮೇಲೆ ಅದು ಬೀಳೋಕೆ ಶುರುವಾದ್ರೆ ನನ್ನ ದನಿ ಮೊದಲ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಒಂದು ವಾರ ಕಿರುಚಿ ಗಂಟಲು ಕಟ್ಟಿತು. ಕೊನೆಗೆ ಡಸ್ಟರ್ ತಗೊಂಡು ಮೇಜು ಕುಟ್ಟಿದೆ. ಹಿಂದಿನ ಬೆಂಚಿನಿಂದ ಅದೇ ಲಯದಲ್ಲಿ ಉತ್ತರ ಬಂತು. ಬೆರಳಲ್ಲಿ ಡೆಸ್ಕಿನ ಮೇಲೆ, ಅಪ್ಪಟ ಕೊಡವ ವಾಲಗ! ಇಬ್ಬರು ಕೂತಲ್ಲೇ ಭುಜ ಕುಣಿಸಿದರು. ಇಲ್ಲಿಯ ಮದುವೆ ಮನೆ ಕಂಡವರಿಗೆ ಗೊತ್ತು, ವಾಲಗ ಕಿವಿಗೆ ಬಿದ್ರೆ ಕಾಲು ಸುಮ್ಮನಿರಲ್ಲ. ನನಗೂ ನಗು ಬಂತು, ಗಂಭೀರವಾಗಿರಬೇಕಲ್ಲ ಅಂತ ನುಂಗಿಕೊಂಡೆ.

ಆಮೇಲೆ ಬುದ್ಧಿ ಉಪಯೋಗಿಸಿದೆ. ನಾನು ಅರ್ಧ ತಾಳ ತಟ್ಟೋದು, ಅವರು ಉಳಿದರ್ಧ ತಟ್ಟಿ ಸುಮ್ಮನಾಗೋದು. ಮೂರು ದಿನ ಚೆನ್ನಾಗಿ ನಡೀತು. ನಾಲ್ಕನೇ ದಿನ ಉಳಿದರ್ಧ ಮುಗಿಯಲೇ ಇಲ್ಲ, ಪಕ್ಕದ ಕ್ಲಾಸಿನ ಟೀಚರ್ ಬಂದು ಬಾಗಿಲಲ್ಲಿ ನಿಂತರು. ಇಂಥ ಉಪಾಯ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ, ನೋಡಿ, ಆದ್ರೆ ನಂಬಿ ಕೂರಬೇಡಿ.

ನಾನು ನಿಜವಾಗಿ ನಾಚಿಕೊಂಡಿದ್ದು ಬೇರೆ ವಿಷಯಕ್ಕೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಪಾಠದುದ್ದಕ್ಕೂ ಪಕ್ಕದವಳ ಕಿವಿಯಲ್ಲಿ ಪಿಸುಗುಡ್ತಿದ್ದಳು. ಎರಡು ಸಲ ಹೇಳಿದೆ, ಮೂರನೇ ಸಲ ಅವಳನ್ನ ಇಡೀ ಪೀರಿಯಡ್ ಎದ್ದು ನಿಲ್ಲಿಸಿದೆ. ಸಂಜೆ ಸ್ಟಾಫ್‌ರೂಮಿನಲ್ಲಿ ಹಿರಿಯ ಟೀಚರೊಬ್ಬರು ಹೇಳಿದರು: ಪಕ್ಕದವಳದ್ದು ತೋಟದ ಕೆಲಸಕ್ಕೆ ವಯನಾಡು ಕಡೆಯಿಂದ ಬಂದ ಕುಟುಂಬ, ಆ ಮಗುವಿಗೆ ಕನ್ನಡ ಇನ್ನೂ ಹತ್ತಿಲ್ಲ. ಇವಳು ನನ್ನ ಭಿನ್ನರಾಶಿಯನ್ನ ಮಲಯಾಳಂಗೆ ಹಾಕಿ ಹೇಳ್ತಿದ್ದಳು, ಅಷ್ಟೇ. ಆ ಒಂದೇ ಕ್ಲಾಸಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು ಎಲ್ಲ ಇತ್ತು. ಅರ್ಥವಾಗದ್ದನ್ನೆಲ್ಲ ನಾನು ಗಲಾಟೆ ಅಂತ ಲೆಕ್ಕ ಹಾಕಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಅನ್ನುತ್ತೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನೇ. ಮರುದಿನ ಎಲ್ಲರ ಮುಂದೆ ಅವಳಿಗೆ ಸಾರಿ ಕೇಳಿದೆ. "ಪರವಾಗಿಲ್ಲ ಟೀಚರ್. ಹಾಗಾದ್ರೆ ಇನ್ನು ಸ್ವಲ್ಪ ಜೋರಾಗೇ ಹೇಳ್ಲಾ?" ಅಂದಳು.

ಅಲ್ಲಿಂದ, ಬಾಯಿ ಮುಚ್ಚಿಸೋ ಮೊದಲು ಏನು ಮಾತಾಡ್ತಿದ್ದಾರೆ ಅಂತ ಕೇಳಿಸಿಕೊಳ್ಳೋಕೆ ಶುರುಮಾಡಿದೆ. ಮಳೆ ಜೋರಾದ್ರೆ ನಾನು ಮಾತೇ ನಿಲ್ಲಿಸಿ ಬೋರ್ಡಲ್ಲಿ ಲೆಕ್ಕ ಬರೀತಿದ್ದೆ. ಮೊದಲು ಮುಗಿಸಿದವರು ಎದ್ದು ಓಡಾಡಿ ಉಳಿದವರದ್ದು ನೋಡಬೇಕು. ಮಳೆಗಾಲದಲ್ಲಿ ಮೈದಾನ ಪೂರ್ತಿ ಕೆಸರು, ಆಟದ ಪೀರಿಯಡ್ಡೇ ಇಲ್ಲ, ಆ ಕಾಲುಗಳು ಎಲ್ಲಿಗೆ ಹೋಗಬೇಕು ಹೇಳಿ?

ದಶಮಾಂಶ ಮಾಡುವಾಗ "ನಿನ್ನೆ ಎಷ್ಟು ಮಳೆ?" ಅಂತ ಕೇಳಿದೆ. "ಎರಡು ಇಂಚು ನಲವತ್ತು ಸೆಂಟ್" ಅಂದ ವಾಲಗದ ಹುಡುಗ. ಅವನಪ್ಪ ಎಸ್ಟೇಟಿನಲ್ಲಿ ರೈಟರ್, ಅಂದ್ರೆ ಗುಮಾಸ್ತ, ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯೋರು. ಕಾಫಿ ತೋಟದಲ್ಲಿ ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಅಂತಾರೆ, ಅಂದ್ರೆ ಅದು 2.40 ಇಂಚು. ಟಿವಿಯವರು ಮಿಲಿಮೀಟರಲ್ಲಿ ಹೇಳ್ತಾರಲ್ಲ, ಎಷ್ಟಾಯ್ತು? ಇಂಚಿಗೆ 25.4 ಅಂತ ಬರೆದುಕೊಟ್ಟೆ. ಒಬ್ಬ ಚುಕ್ಕೆ ತಪ್ಪಿಸಿ 609.6 ತಂದ. "ಅಷ್ಟು ಬಂದಿದ್ರೆ ಡಿಸಿ ಇವತ್ತು ರಜೆ ಕೊಡದೇ ಇರ್ತಿದ್ರಾ?" ಅಂತ ಹಿಂದಿನ ಬೆಂಚು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. 60.96 ಅಂತ ಅವನೇ ಬಂದು ತಿದ್ದಿದ. ಮುಂದೆ ದಿನಾ ಮಳೆ ಲೆಕ್ಕ ತರೋದು ವಾಲಗದ ಹುಡುಗನ ಡ್ಯೂಟಿ.

ಗ್ರಹಚಾರಕ್ಕೆ ಅವತ್ತೇ ಕಾಲೇಜಿನಿಂದ ವೀಕ್ಷಣೆಗೆ ಬಂದಿದ್ದರು. ಪಾಠ ಯೋಜನೆ ಪುಸ್ತಕದಲ್ಲಿ "ತರಗತಿ ನಿಯಂತ್ರಣ ಸಾಲದು" ಅಂತ ಬರೆದು ಹೋದರು. ಅದನ್ನ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಾರ್ಕ್ಸ್ ಸ್ವಲ್ಪ ಹೋಯ್ತು ಅನ್ನಿ.

ಒಂದು ಮಾತ್ರ ಮಾಡಬೇಡಿ: ಗಲಾಟೆಗೆ ಶಿಕ್ಷೆ ಅಂತ ಆಟದ ಪೀರಿಯಡ್ ಕಿತ್ಕೋಬೇಡಿ. ಆಗಸ್ಟಿನಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದ ದಿನ ನಾನು ಹಾಗೆ ಮಾಡಿ, ಮಧ್ಯಾಹ್ನದ ಎರಡು ಪೀರಿಯಡ್ ಅನುಭವಿಸಿದೆ. ಮತ್ತೆ, ನಿಮಗೂ ಈ ಕಡೆಯ ಶಾಲೆಯೇ ಬಿದ್ದರೆ ಬ್ಯಾಗಲ್ಲಿ ಫ್ಲಾಸ್ಕ್ ತುಂಬ ಬಿಸಿನೀರು, ಇನ್ನೊಂದು ಜೊತೆ ಸಾಕ್ಸ್ ಇಟ್ಕೊಳ್ಳಿ.