ಗಾಡಿ ಪ್ರಶ್ನೋತ್ತರ: ಪಿಕಪ್‌ನ ಏರ್ ಫಿಲ್ಟರ್ ನಾವೇ ಬದಲಿಸಬಹುದೇ?

ಪ್ರಶ್ನೆ: ನಮ್ಮದು ಡೀಸೆಲ್ ಪಿಕಪ್. ಕ್ವಾರಿಯಿಂದ ಉಡುಪಿಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ತರುತ್ತೇವೆ. ಏರ್ ಫಿಲ್ಟರ್ ಬದಲಿಸಲೆಂದು ಗ್ಯಾರೇಜಿಗೆ ಹೋದರೆ ಅರ್ಧ ದಿನದ ಬಾಡಿಗೆ ತಪ್ಪುತ್ತದೆ. ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಕಾಲು ಗಂಟೆಯ ಕೆಲಸ. ಸ್ಕ್ರೂಡ್ರೈವರ್, 10 ಎಂಎಂ ಸ್ಪ್ಯಾನರ್, ಟಾರ್ಚು, ನೂಲು ಬಿಡದ ಎರಡು ಬಟ್ಟೆ ಇದ್ದರೆ ಹೆಚ್ಚಿನ ಗಾಡಿಗಳಿಗೆ ಸಾಕು. ಆದರೆ ಫಿಲ್ಟರ್ ಕಟ್ಟಿಕೊಂಡರೆ ಎಳೆತ ತಗ್ಗುತ್ತದೆ, ಹೊಗೆ ಬರುತ್ತದೆ. ಹೊಸದನ್ನು ಓರೆಯಾಗಿ ಕೂರಿಸಿದರೆ ಎಂಜಿನ್ನೇ ಸವೆಯುತ್ತದೆ. 1 ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಅದರ ಜೊತೆ ಅಂಚಿನ ಸಂದಿಯಿಂದ ಮುರಕಲ್ಲಿನ ಹುಡಿ ನುಗ್ಗಿದರೆ ಮೊದಲು ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ರೆಕ್ಕೆ, ಆಮೇಲೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಒಳಗೋಡೆಯಾದ ಲೈನರು ಸವೆಯುತ್ತವೆ. ನೀಲಿ ಹೊಗೆ ಕಾಣುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ಎಂಜಿನ್ ಆರಿಸಿ, ತಣಿಯಲು ಬಿಡಿ. ಫಿಲ್ಟರ್ ಕೂರುವ ಡಬ್ಬಿಯ ಹೊರಮೈಯನ್ನು ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಮೇಲಿನ ಧೂಳೆಲ್ಲ ಒಳಗೆ ಬೀಳುತ್ತದೆ. ಪೈಪಿನಲ್ಲಿ ಸೆನ್ಸರ್ ಇದ್ದು ಅದರ ವಯರು ಅಡ್ಡ ಬಂದರೆ, ಚಾವಿ ತೆಗೆದ ಮೇಲೆ ಲಾಕ್ ಒತ್ತಿ ಪ್ಲಗ್ ಬಿಡಿಸಿ. ಕ್ಲಿಪ್ಪು ಬಿಚ್ಚಿ, ಹಳೆಯ ಫಿಲ್ಟರನ್ನು ಬಡಿಯದೆ, ಅಲುಗಿಸದೆ ನೇರ ಹೊರಗೆಳೆಯಿರಿ.

ಈಗ ಎಂಜಿನ್ ಕಡೆಗೆ ಹೋಗುವ ಪೈಪಿನ ಬಾಯೊಳಗೆ ಬೆರಳಾಡಿಸಿ. ಈ ತಪಾಸಣೆಯನ್ನು ಗ್ಯಾರೇಜಿನವರೂ ಬಿಟ್ಟುಬಿಡುವುದುಂಟು. ಬೆರಳಿಗೆ ಕೆಂಪು ಹುಡಿ ಹತ್ತಿದರೆ ಎಲ್ಲೋ ಸೋರಿಕೆ ಇದೆ: ಫಿಲ್ಟರಿನ ರಬ್ಬರ್ ಅಂಚು, ಸೊಟ್ಟಗಾದ ಮುಚ್ಚಳ, ಇಲ್ಲವೇ ಬಿರಿದ ಹೋಸು. ಅದನ್ನು ಹುಡುಕದೆ ಹೊಸ ಫಿಲ್ಟರ್ ಹಾಕಿದರೆ ದುಡ್ಡು ದಂಡ. ತೆಳ್ಳಗೆ ಎಣ್ಣೆಪಸೆ ಮಾತ್ರ ಇದ್ದರೆ ಗಾಬರಿ ಬೇಡ, ಅದು ಬಹುತೇಕ ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಹೊರಬರುವ ಪೈಪು) ಬಂದದ್ದು.

ಪೈಪಿನ ಬಾಯಿಗೆ ದೊಡ್ಡ ಬಟ್ಟೆ ತುರುಕಿ, ತುದಿ ಹೊರಗೆ ಕಾಣುವ ಹಾಗೆ ಬಿಡಿ. ಆಮೇಲೆ ಡಬ್ಬಿಯನ್ನು ಒರೆಸಿ. ಏರ್ ಗನ್ ಬಳಸಬೇಡಿ. ಉರುಟು ಡಬ್ಬಿಯಾದರೆ ಕೆಳಗೆ ರಬ್ಬರಿನ ಧೂಳು ವಾಲ್ವ್ ಇರುತ್ತದೆ. ಹಿಂಡಿ ನೋಡಿ: ತುಟಿ ಹರಿದಿದ್ದರೆ ಅಥವಾ ಗಟ್ಟಿಯಾಗಿದ್ದರೆ ಬದಲಿಸಿ. ಮುಚ್ಚಳ ಕೂರಿಸುವಾಗ ಆ ವಾಲ್ವ್ ಕೆಳಮುಖವಾಗಿಯೇ ಇರಬೇಕು.

ಹೊಸ ಫಿಲ್ಟರ್ ತರುವಾಗ ಹಳೆಯದರ ಪಾರ್ಟ್ ನಂಬರ್ ಒಯ್ಯಿರಿ. ಉದ್ದ, ಅಗಲ ಹೊಂದಿದರೂ ರಬ್ಬರ್ ಅಂಚು ಸ್ವಲ್ಪ ತೆಳುವಾಗಿದ್ದರೆ ಅದು ಬೇಡ. ಹಾಕುವ ಮೊದಲು ಪೈಪಿನ ಬಟ್ಟೆ ತೆಗೆಯಿರಿ. ಅಂಚನ್ನು ಒತ್ತಿ ಕೂರಿಸಿ, ಕಾಗದದ ಮಡಿಕೆಯನ್ನಲ್ಲ. ಕ್ಲಿಪ್ಪುಗಳನ್ನು ಎದುರುಬದುರಾಗಿ ಹಾಕುತ್ತ ಬನ್ನಿ. ಯಾವುದಾದರೂ ಕ್ಲಿಪ್ಪಿಗೆ ಬಲ ಹಾಕಬೇಕಾಗಿ ಬಂದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಇಡಿ. ಸೆನ್ಸರ್ ಪ್ಲಗ್ ಮರೆತರೆ ಎಂಜಿನ್ ಲೈಟು ಉರಿಯುತ್ತದೆ.

ಎಷ್ಟು ಕಿಲೋಮೀಟರಿಗೆ ಎಂಬುದಕ್ಕೆ ಗಾಡಿಯ ಪುಸ್ತಕದಲ್ಲಿ ಧೂಳಿನ ಬಳಕೆಗೆ ಹೇಳಿದ ಅವಧಿಯನ್ನೇ ಹಿಡಿಯಿರಿ. ಹೆದ್ದಾರಿ ಲೆಕ್ಕ ಕ್ವಾರಿ ಗಾಡಿಗೆ ನಡೆಯದು.

ಪ್ರಶ್ನೆ: ಪಂಕ್ಚರ್ ಅಂಗಡಿಯಲ್ಲಿ ವಾರಕ್ಕೊಮ್ಮೆ ಗಾಳಿ ಹೊಡೆಸಿ ಅದೇ ಫಿಲ್ಟರ್ ಹಾಕುತ್ತೇನೆ. ತಪ್ಪೇ? (ಬೈಕಂಪಾಡಿ)

ಉತ್ತರ: ತಪ್ಪು. ಟಯರಿಗೆಂದು ಇಟ್ಟ ಕಂಪ್ರೆಸರಿನ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಸ್ವಲ್ಪ ಧೂಳು ಹಿಡಿದ ಫಿಲ್ಟರ್, ಹೊಚ್ಚ ಹೊಸದಕ್ಕಿಂತ ಸಣ್ಣ ಕಣವನ್ನು ಚೆನ್ನಾಗಿ ತಡೆಯುತ್ತದೆ. ವಾರವಾರ ಬಿಚ್ಚಿದರೆ ಆ ಲಾಭವೂ ಇಲ್ಲ, ಅಂಚಿನ ರಬ್ಬರೂ ಸಡಿಲ. ಗಾಡಿಯ ಪುಸ್ತಕದಲ್ಲಿ ಅನುಮತಿ ಇದ್ದರೆ ಮಾತ್ರ, 30 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ, ನಳಿಕೆಯನ್ನು ದೂರ ಹಿಡಿದು, ಒಳಗಿನಿಂದ ಹೊರಕ್ಕೆ ಊದಿ. ಕಾಗದದ ಫಿಲ್ಟರನ್ನು ತೊಳೆಯಲೇಬೇಡಿ.

ಪ್ರಶ್ನೆ: ಮಲ್ಪೆಯಿಂದ ಮೀನು ಸಾಗಿಸುವ ಗಾಡಿ. ಮಳೆಗಾಲದಲ್ಲಿ ಏರು ಹತ್ತುವಾಗ ಕಪ್ಪು ಹೊಗೆ, ಎಳೆತ ಇಲ್ಲ. ಇದಕ್ಕೂ ಫಿಲ್ಟರೇ ಕಾರಣವೇ?

ಉತ್ತರ: ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಫಿಲ್ಟರಿನ ಶತ್ರು ಧೂಳಲ್ಲ, ನೀರು. ಒದ್ದೆಯಾದ ಕಾಗದ ಉಬ್ಬಿ, ಮಡಿಕೆಗಳು ಒಂದಕ್ಕೊಂದು ಅಂಟಿ, ಗಾಳಿಗೆ ದಾರಿ ಇರುವುದಿಲ್ಲ. ಡಬ್ಬಿಯ ತಳದ ನೀರು ಹೋಗುವ ತೂತು ಕೆಸರಿನಿಂದ ಮುಚ್ಚಿದೆಯೇ, ಗಾಳಿ ಎಳೆಯುವ ಕೊಳವೆ ಜಾಗ ತಪ್ಪಿ ಚಕ್ರದ ಕಡೆಗೆ ತಿರುಗಿದೆಯೇ ನೋಡಿ. ರಾತ್ರಿ ಬಂದರಿನ ಬಳಿ ನಿಲ್ಲುವ ಗಾಡಿಯಾದರೆ ಆ ಕೊಳವೆಯಲ್ಲಿ ಇಲಿ ಗೂಡನ್ನೂ ಹುಡುಕಿ. ಉಪ್ಪುಗಾಳಿಗೆ ಕ್ಲಿಪ್ಪುಗಳು ತುಕ್ಕು ಹಿಡಿದು ಬಿಗಿ ಕಳೆದುಕೊಳ್ಳುವುದೂ ಇಲ್ಲಿ ಸಾಮಾನ್ಯ. ಫಿಲ್ಟರ್ ಒಣಗಿದ್ದು ಶುದ್ಧವಾಗಿದ್ದರೆ ಟರ್ಬೊ ಹೋಸು, ಇಂಜೆಕ್ಟರ್ ಕಡೆಗೆ ನೋಡಬೇಕು.

ನೆರೆನೀರಿನಲ್ಲಿ ಗಾಡಿ ನಿಂತರೆ ಸೆಲ್ಫ್ ಹೊಡೆಯಬೇಡಿ. ಮೊದಲು ಫಿಲ್ಟರ್ ಡಬ್ಬಿ ತೆರೆಯಿರಿ. ಒಳಗೆ ನೀರಿದ್ದರೆ ಅದು ಸಿಲಿಂಡರಿಗೂ ಇಳಿದಿರಬಹುದು. ಆಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟೋ ಮಾಡಿಸಿ.