ಗಾನಮೇಳದಲ್ಲಿ ಒಂದೇ ಕೀಬೋರ್ಡ್‌ನಿಂದ ಪಿಟೀಲು, ಕೊಳಲು ಎಲ್ಲ ಹೇಗೆ ಬರುತ್ತದೆ?

ಕಾಸರಗೋಡು ಕಡೆಯ ಜಾತ್ರೆಗಳಲ್ಲಿ ಗಾನಮೇಳ ಕೇಳಿದವರಿಗೆ ಸಹಜವಾಗಿ ಬರುವ ಪ್ರಶ್ನೆ. ಈಗಿನ ಕೀಬೋರ್ಡ್‌ಗಳಲ್ಲಿ ನಿಜವಾದ ವಾದ್ಯ ನುಡಿಸಿ ರೆಕಾರ್ಡ್ ಮಾಡಿದ ತುಣುಕುಗಳಿರುತ್ತವೆ. ಕೀಲಿ ಒತ್ತಿದರೆ ಅದೇ ತುಣುಕು ಬೇಕಾದ ಸ್ವರದಲ್ಲಿ ಕೇಳಿಸುತ್ತದೆ. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಎಂಬ ಕೀಬೋರ್ಡ್ ಹಾಗಲ್ಲ. ಅದು ಒಂದು ಅಲೆಯಿಂದ ಇನ್ನೊಂದು ಅಲೆಯ ಕಂಪನವನ್ನು ಬದಲಿಸಿ ನಾದ ಹುಟ್ಟಿಸುತ್ತಿತ್ತು. ಆ ಕಾಲದ ಹಾಡುಗಳಲ್ಲಿ ಗಂಟೆಯಂತೆ ಹೊಳೆಯುವ ಪಿಯಾನೋ ಎಷ್ಟೋ ಸಲ ಅದರದ್ದೇ.

ನಮ್ಮ ಹಾಡುಗಳಿಗೆ ಮಾತ್ರ ಜಾಸ್ತಿ ಮುಖ್ಯವಾದದ್ದು ಎಡಗಡೆಯ ಪಿಚ್ ಬೆಂಡ್ ಚಕ್ರ. ಕೀಲಿಗಳು ಕೊಡುವುದು ಬಿಡಿ ಸ್ವರ. ಗಮಕಕ್ಕೆ ಸ್ವರ ಜಾರಬೇಕು ಅಲ್ವಾ? ಚಕ್ರ ತಿರುಗಿಸಿದರೆ ಜಾರುತ್ತದೆ. ಸುಮ್ನೆ ಕೀಲಿ ಒತ್ತುತ್ತಾ ಹೋದರೆ ಎಷ್ಟು ದುಬಾರಿ ಕೀಬೋರ್ಡ್ ಆದರೂ ಕೊಳಲಿಗೆ ಜೀವ ಬರುವುದಿಲ್ಲ. ತಬಲಾ, ಡೋಲಕ್ ಸದ್ದು ಹೆಚ್ಚಾಗಿ ಪಕ್ಕದಲ್ಲಿ ಬಡಿದು ನುಡಿಸುವ ಎಲೆಕ್ಟ್ರಾನಿಕ್ ರಿದಂ ಪ್ಯಾಡ್‌ನಿಂದ ಬರುತ್ತದೆ.